ಬೇಡಿಕೆಯ ಪಕ್ಕದಲ್ಲೇ ಅದರ ಕಾರಣ: ಯೋಜನಾ ನಿರ್ವಹಣೆಯಲ್ಲಿ ಗ್ರಾಹಕರ ಅಗತ್ಯಗಳು

ಮಾನ್ಯರೇ,

ಯೋಜನಾ ನಿರ್ವಹಣೆಯ ಮಾತು ಬಂದಾಗ ನಮ್ಮ ಗಮನ ಸಾಮಾನ್ಯವಾಗಿ ವೇಳಾಪಟ್ಟಿ, ವೆಚ್ಚ ಮತ್ತು ಸಿಬ್ಬಂದಿಯ ಕಡೆಗೆ ಹೋಗುತ್ತದೆ. ಈ ಮೂರನ್ನೂ ಅಳೆಯಬಹುದು, ಪಟ್ಟಿ ಮಾಡಬಹುದು, ಮೇಲಿನವರಿಗೆ ವರದಿ ಒಪ್ಪಿಸಬಹುದು. ಆದರೆ ಇವು ಮೂರೂ ನಿಂತಿರುವುದು ಗ್ರಾಹಕರಿಗೆ ನಿಜವಾಗಿ ಏನು ಬೇಕಾಗಿದೆ ಎಂಬ ಪ್ರಶ್ನೆಗೆ ನಾವು ಕಂಡುಕೊಂಡ ಉತ್ತರದ ಮೇಲೆ. ಆ ಉತ್ತರ ತಪ್ಪಾಗಿದ್ದರೆ, ಹೇಳಿದ ದಿನಕ್ಕೆ ಹೇಳಿದ ಹಣದೊಳಗೆ ಮುಗಿಸಿದ ಕೆಲಸವೂ ಯಾರ ಉಪಯೋಗಕ್ಕೂ ಬಾರದೆ ಮೂಲೆಗೆ ಬೀಳುತ್ತದೆ. ಇಂದಿನ ಉಪನ್ಯಾಸದಲ್ಲಿ ನಾನು ಪ್ರತಿಪಾದಿಸಬೇಕೆಂದಿರುವುದು ಮುಖ್ಯವಾಗಿ ಒಂದೇ ವಿಚಾರ: ಗ್ರಾಹಕರ ಪ್ರತಿಯೊಂದು ಬೇಡಿಕೆಯ ಹಿಂದೆ ಒಬ್ಬ ವ್ಯಕ್ತಿ ಮತ್ತು ಒಂದು ಕಾರಣ ಇರುತ್ತವೆ, ಬೇಡಿಕೆಯನ್ನು ಬರೆದುಕೊಳ್ಳುವಾಗ ಅವೆರಡನ್ನೂ ಜೊತೆಯಲ್ಲೇ ಬರೆದುಕೊಂಡು, ಯೋಜನೆ ಮುಗಿಯುವ ತನಕ ಕಳೆಯದಂತೆ ಕಾಯ್ದುಕೊಳ್ಳುವುದೇ ಬೇಡಿಕೆಗಳ ನಿರ್ವಹಣೆಯ ಬಹುಪಾಲು ಕೆಲಸ.

ಇದಕ್ಕೆ ಉದಾಹರಣೆ ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಕರ್ನಾಟಕದ ಭೂದಾಖಲೆಗಳ ಗಣಕೀಕರಣದ ಚರಿತ್ರೆ ನಮ್ಮ ಕಣ್ಣ ಮುಂದೆಯೇ ಇದೆ. ಎಲ್ಲರಿಗೂ ನೆನಪಿರುವುದು 'ಭೂಮಿ' ಯೋಜನೆ. ಅದಕ್ಕೂ ಮೊದಲೇ, 1991ರಲ್ಲಿ, ಆಗಿನ ಗುಲ್ಬರ್ಗ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ಈ ಕೆಲಸ ಆರಂಭವಾಗಿತ್ತು. 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಅದಕ್ಕೆ ಮಂಜೂರಾತಿ ದೊರೆತಿತ್ತು. ಹಣವಿತ್ತು, ಯಂತ್ರಗಳಿದ್ದವು, ಬೇಡಿಕೆಯೂ ಬರಹದಲ್ಲಿತ್ತು: ಪಹಣಿಗಳನ್ನು ಗಣಕೀಕರಿಸಬೇಕು. ಆದರೆ ತಾಲ್ಲೂಕು ಮಟ್ಟದಲ್ಲಿ ಕಂಪ್ಯೂಟರ್ ಇರಿಸುವ ಏರ್ಪಾಡು ಆ ಯೋಜನೆಯಲ್ಲಿರಲಿಲ್ಲ. ಪಹಣಿ ಇರುವುದು ತಾಲ್ಲೂಕಿನಲ್ಲಿ, ಅದರ ತಿದ್ದುಪಡಿ ನಡೆಯುವುದೂ ತಾಲ್ಲೂಕಿನಲ್ಲಿ. ತಂದೆ ತೀರಿಕೊಂಡು ಮಕ್ಕಳ ಹೆಸರಿಗೆ ಪೌತಿ ಖಾತೆಯಾಗುವುದು, ಅಣ್ಣ ತಮ್ಮಂದಿರು ಪಾಲು ಮಾಡಿಕೊಳ್ಳುವುದು, ಜಮೀನು ಮಾರಾಟವಾಗುವುದು, ಬ್ಯಾಂಕಿನ ಸಾಲದ ಭಾರ ದಾಖಲಾಗುವುದು, ಎಲ್ಲವೂ ಅಲ್ಲಿಯ ಪುಸ್ತಕದಲ್ಲೇ ಆಗುತ್ತವೆ. ಒಮ್ಮೆ ತುಂಬಿಸಿದ ಮಾಹಿತಿ ಆ ಪುಸ್ತಕದ ಜೊತೆಗೆ ಸಾಗದಿದ್ದರೆ ಬಹುಬೇಗ ಹಳತಾಗುತ್ತದೆ, ಹಳೆಯ ಪಹಣಿಯಿಂದ ಯಾವ ರೈತನಿಗೂ ಪ್ರಯೋಜನವಿಲ್ಲ.

ಇಲ್ಲಿ ಕೊರತೆಯಾಗಿದ್ದು ತಂತ್ರಜ್ಞಾನದಲ್ಲಲ್ಲ. 'ಪಹಣಿಗಳನ್ನು ಗಣಕೀಕರಿಸಬೇಕು' ಎಂಬ ವಾಕ್ಯ ಮೇಲ್ನೋಟಕ್ಕೆ ಪೂರ್ಣವಾಗಿ ಕಂಡರೂ ಅದರಲ್ಲಿ ಕಾರಣವಿಲ್ಲ. ಯಾರಿಗಾಗಿ, ಯಾಕಾಗಿ ಎಂದು ಒಮ್ಮೆ ಕೇಳಿದ್ದರೆ ಉತ್ತರ ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು. ಬೆಳೆ ಸಾಲಕ್ಕೆ ಬ್ಯಾಂಕಿಗೆ ಹೋಗುವ ರೈತನಿಗೆ, ಜಮೀನು ಕೊಳ್ಳಲು ಬಂದವನಿಗೆ, ನ್ಯಾಯಾಲಯದಲ್ಲಿ ಜಾಮೀನು ನಿಲ್ಲುವವನಿಗೆ ಇವತ್ತಿನ ತಾರೀಖಿಗೆ ಸರಿಯಾದ ಪಹಣಿ ಬೇಕು. 'ಇವತ್ತಿನ ತಾರೀಖಿಗೆ' ಎಂಬ ಅಂಶ ಬೇಡಿಕೆಯೊಳಗೆ ಬಂದ ಮೇಲೆ ಯಂತ್ರ ಎಲ್ಲಿರಬೇಕು ಎಂಬ ಪ್ರಶ್ನೆಗೆ ತಾಲ್ಲೂಕು ಕಚೇರಿಯನ್ನು ಬಿಟ್ಟು ಬೇರೆ ಉತ್ತರವೇ ಉಳಿಯುವುದಿಲ್ಲ.

ಅನಂತರ ಬಂದ 'ಭೂಮಿ' ಯೋಜನೆಯನ್ನು ನಾನು ಮತ್ತೆ ಮತ್ತೆ ಅಭ್ಯಾಸಕ್ಕೆ ಎತ್ತಿಕೊಳ್ಳುವುದು ಈ ಕಾರಣಕ್ಕಾಗಿಯೇ. ಕಂದಾಯ ಇಲಾಖೆಯ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದೊಂದಿಗೆ, ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಬಂದವು. ಅದುವರೆಗೆ ಈ ದಾಖಲೆಗಳು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. ಒಬ್ಬೊಬ್ಬ ಲೆಕ್ಕಿಗರಿಗೆ ಮೂರು ನಾಲ್ಕು ಹಳ್ಳಿಗಳ ಹೊಣೆ. ಪಹಣಿ ಬೇಕಾದವರು ಮೊದಲು ಅವರನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. ಹೊಸ ವ್ಯವಸ್ಥೆಯಲ್ಲಿ ತಾಲ್ಲೂಕು ಕಚೇರಿಯ ಕಿಯೋಸ್ಕಿನಲ್ಲಿ 15 ರೂಪಾಯಿ ಕೊಟ್ಟವರಿಗೆ ಮುದ್ರಿತ ಪ್ರತಿ ಅಲ್ಲೇ ಸಿಗತೊಡಗಿತು.

ಆ ಕಿಯೋಸ್ಕಿನಲ್ಲಿದ್ದ ಒಂದು ವಸ್ತುವಿನ ಮೇಲೆ ನಿಮ್ಮ ಗಮನ ಸೆಳೆಯಬಯಸುತ್ತೇನೆ. ಅಲ್ಲಿ ಸಿಬ್ಬಂದಿಯ ಮುಂದೆ ಇದ್ದ ಪರದೆಯ ಜೊತೆಗೆ, ಕೌಂಟರಿನ ಈಚೆ ನಿಂತ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯೊಂದಿತ್ತು. ಒಳಗೆ ಏನು ಟೈಪ್ ಆಗುತ್ತಿದೆ, ಯಾವ ಸರ್ವೆ ನಂಬರ್ ತೆರೆದಿದೆ, ಯಾರ ಹೆಸರು ಕಾಣುತ್ತಿದೆ ಎಂಬುದನ್ನು ಆತ ತಾನೇ ನೋಡಬಹುದಿತ್ತು. ಪಹಣಿ ಮುದ್ರಿಸುವುದಕ್ಕೆ ಇದರ ಅಗತ್ಯವೇ ಇಲ್ಲ. ವೆಚ್ಚ ಕಡಿಮೆ ಮಾಡಲು ಕುಳಿತ ಯಾರೇ ಆದರೂ ಮೊದಲು ತೆಗೆದುಹಾಕುವ ವಸ್ತು ಅದು. ಆದರೆ ಈ ಯೋಜನೆ ಯಾಕೆ ಬೇಕಾಯಿತು ಎಂಬ ಮೂಲ ಕಾರಣಕ್ಕೆ ಹೋದರೆ, ಅಲ್ಲಿರುವುದು ದಾಖಲೆಯ ಮೇಲಿನ ನಂಬಿಕೆಯ ಪ್ರಶ್ನೆ, ಮತ್ತು ಆ ಎರಡನೆಯ ಪರದೆ ನೇರವಾಗಿ ಅದಕ್ಕೇ ಉತ್ತರ ಕೊಡುತ್ತದೆ. ಮ್ಯುಟೇಷನ್, ಅಂದರೆ ಹಕ್ಕು ಬದಲಾವಣೆಯ ಅರ್ಜಿಗಳನ್ನು ಮೊದಲು ಬಂದದ್ದಕ್ಕೆ ಮೊದಲು ಎಂಬ ಸರದಿಯಲ್ಲೇ ನಡೆಸುವ ನಿಯಮವನ್ನು ತಂತ್ರಾಂಶದೊಳಗೇ ಕಟ್ಟಿದ್ದು, ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಒತ್ತಿಯೇ ಒಳಗೆ ಪ್ರವೇಶಿಸಬೇಕೆಂದು ಮಾಡಿದ್ದು, ತಿದ್ದುಪಡಿ ಆದೇಶಗಳನ್ನು ಸ್ಕ್ಯಾನ್ ಮಾಡಿ ಇಟ್ಟದ್ದು, ಎಲ್ಲವೂ ಅದೇ ಕಾರಣದ ಕವಲುಗಳು. ಅರ್ಜಿಯನ್ನು ಮುಂದಕ್ಕೆಳೆಯುವ ಅಥವಾ ಹಿಂದಕ್ಕೆ ತಳ್ಳುವ ಅಧಿಕಾರ ಯಾರ ಕೈಯಲ್ಲೂ ಇರಬಾರದು ಎಂಬುದು ರೈತನ ಬೇಡಿಕೆ. ಬಹುಶಃ ಯಾವ ರೈತನೂ ಅದನ್ನು ಈ ಮಾತುಗಳಲ್ಲಿ ಬರೆದುಕೊಟ್ಟಿರಲಾರ.

ಇನ್ನೂ ಒಂದು ಅಂಶವಿದೆ, ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದದ್ದು. ಗಣಕೀಕರಣ ಮುಗಿದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇಲ್ಲವೆಂದು ಸರ್ಕಾರ ಘೋಷಿಸಿತು. ಹೀಗೆ ಮಾಡದೆ ಎರಡೂ ಬಗೆಯ ಪಹಣಿ ಚಲಾವಣೆಯಲ್ಲಿದ್ದಿದ್ದರೆ ಒಂದೇ ಜಮೀನಿಗೆ ಎರಡು ಸತ್ಯಗಳು ಹುಟ್ಟಿಕೊಳ್ಳುತ್ತಿದ್ದವು. ಅಂದರೆ, ಗ್ರಾಹಕರ ಅಗತ್ಯವನ್ನು ಈಡೇರಿಸುವ ಎಲ್ಲ ಕೆಲಸವೂ ತಂತ್ರಾಂಶ ಬರೆಯುವವರ ಕೈಯಲ್ಲಿ ಇರುವುದಿಲ್ಲ. ಕೆಲವು ಅಧಿಸೂಚನೆಯಿಂದ, ಕೆಲವು ತರಬೇತಿಯಿಂದ, ಕೆಲವು ಇಲಾಖೆಯ ನಿಯಮದ ತಿದ್ದುಪಡಿಯಿಂದ ಆಗಬೇಕು. ಯೋಜನಾ ವ್ಯವಸ್ಥಾಪಕರು ಅಂಥವನ್ನು ಗುರುತಿಸಿ, ಯಾರ ಹೊಣೆ ಮತ್ತು ಯಾವ ದಿನಾಂಕದೊಳಗೆ ಎಂದು ಅದೇ ಪಟ್ಟಿಯಲ್ಲಿ ಬರೆಯಬೇಕು. ಹಾಗೆಯೇ ಯಾವುದು ಈ ಯೋಜನೆಯ ವ್ಯಾಪ್ತಿಗೆ ಸೇರಿಲ್ಲ ಎಂಬುದನ್ನೂ ಬರೆಯಬೇಕು. 'ಭೂಮಿ' ಆರಂಭದಲ್ಲಿ ಕೈಗೆತ್ತಿಕೊಂಡದ್ದು ಪಹಣಿಯ ಬರಹದ ದಾಖಲೆಯನ್ನು. ಜಮೀನಿನ ನಕ್ಷೆ, ಅಳತೆ, ಪೋಡಿಯ (ಸರ್ವೆ ನಂಬರನ್ನು ಪಾಲುಗಳಾಗಿ ಬೇರ್ಪಡಿಸುವ) ಸಮಸ್ಯೆಗಳು ಅದರಾಚೆ ಉಳಿದವು. ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗಿದ್ದರೆ 2 ಕೋಟಿ ದಾಖಲೆಗಳ ಕೆಲಸವೂ ಮುಗಿಯುತ್ತಿರಲಿಲ್ಲವೇನೋ ಎಂದು ನನಗೆ ಅನ್ನಿಸುತ್ತದೆ.

ಈಗ ಗ್ರಾಹಕರು ಯಾರು ಎಂಬ ಪ್ರಶ್ನೆಗೆ ಬರೋಣ. ಹಣ ಕೊಡುವವರು ಒಬ್ಬರು, ದಿನವೂ ಬಳಸುವವರು ಇನ್ನೊಬ್ಬರು, ಫಲ ಪಡೆಯುವವರು ಮತ್ತೊಬ್ಬರು. ಸಭೆಯಲ್ಲಿ ನಮ್ಮ ಎದುರು ಕುಳಿತಿರುವವರು ಬಹುತೇಕ ಮೊದಲನೆಯವರು. ಹಳ್ಳಿಯೊಂದರ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ನೀವು ತಂತ್ರಾಂಶ ಮಾಡಿಕೊಡುತ್ತಿದ್ದೀರಿ ಎಂದು ಭಾವಿಸಿ. ಒಕ್ಕೂಟದ ಅಧಿಕಾರಿಗಳು ಹೇಳುವ ಬೇಡಿಕೆ, ಪ್ರತಿದಿನದ ಸಂಗ್ರಹದ ವರದಿ ತಮಗೆ ತಲುಪಬೇಕು ಎಂಬುದು. ಸಂಘದ ಕಾರ್ಯದರ್ಶಿಯವರ ಬೇಡಿಕೆ, ಹತ್ತು ಹದಿನೈದು ದಿನಕ್ಕೊಮ್ಮೆ ಬಟವಾಡೆಯ ಲೆಕ್ಕ ತಾನಾಗಿಯೇ ಆಗಬೇಕು ಎಂಬುದು. ಬೆಳಿಗ್ಗೆ ಆರು ಗಂಟೆಗೆ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಿರುವ ಹೆಣ್ಣುಮಗಳನ್ನು ಯಾರೂ ಸಭೆಗೆ ಕರೆದಿಲ್ಲ. ಆಕೆಗೆ ಬೇಕಾದದ್ದು ತನ್ನ ಹಾಲು ಎಷ್ಟು ಲೀಟರ್ ಬಂತು, ಫ್ಯಾಟ್ ಎಷ್ಟು ತೋರಿಸಿತು, ಎಷ್ಟು ರೂಪಾಯಿ ಆಯಿತು ಎಂಬ ಮೂರು ಅಂಕಿಗಳು, ಅದೂ ಕ್ಯಾನು ಕೈಯಲ್ಲಿರುವಾಗಲೇ.

ಇದು ಸಭೆಯಲ್ಲಿ ತಿಳಿಯುವ ವಿಷಯವಲ್ಲ, ಬೆಳಿಗ್ಗೆ ಐದೂವರೆಗೆ ಅಲ್ಲಿ ಹೋಗಿ ನಿಂತರೆ ತಿಳಿಯುತ್ತದೆ. ಹಾಗೆ ನಿಂತವರಿಗೆ ಇನ್ನೂ ಹಲವು ಸಂಗತಿಗಳು ಕಾಣುತ್ತವೆ. ಆ ಹೊತ್ತಿನಲ್ಲಿ ಕರೆಂಟು ಹೋಗುವುದುಂಟು. ಅಳೆಯುವವರ ಕೈ ಒದ್ದೆಯಾಗಿರುತ್ತದೆ, ಚಿಕ್ಕ ಕೀಲಿಗಳನ್ನು ಒತ್ತಲು ಆಗುವುದಿಲ್ಲ. ಹಾಲಿನ ವಾಹನ ಬರುವ ಮೊದಲು ಸರದಿ ಮುಗಿಯಲೇಬೇಕು. ಕೆಲವರು ಪಕ್ಕದ ಮನೆಯವರ ಹಾಲನ್ನೂ ತಂದಿರುತ್ತಾರೆ, ಆ ಎರಡೂ ಲೆಕ್ಕಗಳು ಬೇರೆ ಬೇರೆ ಹೋಗಬೇಕು. ಇವುಗಳಲ್ಲಿ ಒಂದನ್ನೂ ಯಾರೂ ಬೇಡಿಕೆಯಾಗಿ ಹೇಳಿರುವುದಿಲ್ಲ, ಏಕೆಂದರೆ ದಿನವೂ ನಡೆಯುವುದನ್ನು ಹೇಳಬೇಕೆಂದು ಯಾರಿಗೂ ತೋಚುವುದಿಲ್ಲ. ಪ್ರಶ್ನಾವಳಿ ತುಂಬಿಸಿಕೊಂಡು ಬರುವುದಕ್ಕಿಂತ ಕೆಲಸದ ಸ್ಥಳದಲ್ಲಿ ಸುಮ್ಮನೆ ನಿಂತು ನೋಡುವುದು ಹೆಚ್ಚು ಫಲಕಾರಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಕಂಡದ್ದನ್ನು ಬರೆಯುವ ಕ್ರಮದ ಬಗ್ಗೆ ಎರಡು ಮಾತು. 'ತಂತ್ರಾಂಶ ವೇಗವಾಗಿರಬೇಕು' ಎಂಬುದು ಆಸೆ. 'ಹಾಲು ಅಳೆದ ಮೇಲೆ ಅರ್ಧ ನಿಮಿಷದೊಳಗೆ ಚೀಟಿ ಕೈಗೆ ಸಿಗಬೇಕು' ಎಂಬುದು ಬೇಡಿಕೆ, ಏಕೆಂದರೆ ಗಡಿಯಾರ ಹಿಡಿದು ಅದನ್ನು ಪರೀಕ್ಷಿಸಬಹುದು. ಅದರ ಮುಂದೆ 'ವಾಹನ ಬರುವ ಮೊದಲು ಸರದಿ ಮುಗಿಯಬೇಕಾದ್ದರಿಂದ' ಎಂದು ಕಾರಣ, 'ಅಳೆಯುವ ಸಿಬ್ಬಂದಿ' ಎಂದು ಹೇಳಿದವರ ಗುರುತು, ಅನಿವಾರ್ಯವೋ ಅಪೇಕ್ಷಣೀಯವೋ ಎಂಬ ಆದ್ಯತೆ, ಮತ್ತು ಇದನ್ನು ಯಾವ ಪರೀಕ್ಷೆಯಿಂದ ಒಪ್ಪಿಕೊಳ್ಳಲಾಗುವುದು ಎಂಬ ಉಲ್ಲೇಖ ಇರಬೇಕು. ಬೇಡಿಕೆಯಿಂದ ವಿನ್ಯಾಸಕ್ಕೆ, ವಿನ್ಯಾಸದಿಂದ ಪರೀಕ್ಷೆಗೆ ಹೀಗೆ ಎಳೆ ಹಿಡಿದು ಹೋಗುವ ಪಟ್ಟಿಯನ್ನು ನಮ್ಮ ವೃತ್ತಿಯಲ್ಲಿ ಟ್ರೇಸಬಿಲಿಟಿ ಮ್ಯಾಟ್ರಿಕ್ಸ್ ಎನ್ನುತ್ತೇವೆ. ಬಹಳ ಕಡೆಗಳಲ್ಲಿ ಈ ಪಟ್ಟಿ ಇರುತ್ತದೆ, ಆದರೆ ಕಾರಣದ ಕಾಲಮ್ ಇರುವುದಿಲ್ಲ. ನಮ್ಮ ಸರ್ಕಾರಿ ಕಡತಗಳಲ್ಲಿ ಪತ್ರಗಳ ಜೊತೆಗೆ ಟಿಪ್ಪಣಿ ಹಾಳೆ ಎಂಬ ಭಾಗವಿರುವುದನ್ನು ನೀವು ಬಲ್ಲಿರಿ. ಯಾವ ತೀರ್ಮಾನವನ್ನು ಯಾರು, ಯಾವ ಕಾರಣಕ್ಕೆ ತೆಗೆದುಕೊಂಡರು ಎಂಬುದು ವರ್ಷಗಳ ಮೇಲೂ ಅಲ್ಲಿ ಸಿಗುತ್ತದೆ. ಬೇಡಿಕೆಗಳ ಪಟ್ಟಿಯ ಕಾರಣದ ಕಾಲಮ್ ಮಾಡಬೇಕಾದ ಕೆಲಸವೂ ಅದೇ.

ಈ ಕಾಲಮ್ಮಿನ ನಿಜವಾದ ಬೆಲೆ ತಿಳಿಯುವುದು ಬದಲಾವಣೆಗಳು ಬರತೊಡಗಿದಾಗ. ಬದಲಾವಣೆ ಬರುವುದು ಸಹಜ, ಅದನ್ನು ಗ್ರಾಹಕರ ಅಪರಾಧವೆಂದು ಕಾಣುವುದು ಅನ್ಯಾಯ. ಕಾರಣ ಬದಲಾದರೆ ಬೇಡಿಕೆ ಬದಲಾಗಲೇಬೇಕು. ಅಪಾಯವಿರುವುದು ಬೆಲೆ ಲೆಕ್ಕಹಾಕದೆ, ಉಳಿದ ಬೇಡಿಕೆಗಳ ಜೊತೆ ತಾಳೆ ನೋಡದೆ ಒಪ್ಪಿಕೊಳ್ಳುವ ಬದಲಾವಣೆಯಲ್ಲಿ. ಇದಕ್ಕೆ ಸ್ವೀಡನ್ನಿನ 'ವಾಸಾ' ಯುದ್ಧನೌಕೆಗಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಿಲ್ಲ.

1625ರಲ್ಲಿ ಸ್ವೀಡನ್ನಿನ ದೊರೆ ಎರಡನೆಯ ಗುಸ್ತಾವ್ ಅಡಾಲ್ಫ್ ಹೊಸ ಹಡಗುಗಳಿಗಾಗಿ ಸ್ಟಾಕ್‌ಹೋಮಿನ ಹಡಗು ನಿರ್ಮಾಣಗಾರ ಹೆನ್ರಿಕ್ ಹೈಬರ್ಟ್‌ಸನ್ ಜೊತೆ ಒಪ್ಪಂದ ಮಾಡಿಕೊಂಡ. ದೊರೆ ಪೋಲೆಂಡಿನೊಡನೆ ಯುದ್ಧದಲ್ಲಿ ತೊಡಗಿದ್ದು, ದೂರದಿಂದಲೇ ಪತ್ರಗಳ ಮೂಲಕ ಸೂಚನೆ ಕೊಡುತ್ತಿದ್ದ. ಫಿರಂಗಿಗಳ ಯೋಜನೆ ನಿರ್ಮಾಣದ ಅವಧಿಯಲ್ಲಿ ಹಲವು ಬಾರಿ ಬದಲಾಯಿತು. ಕೊನೆಗೆ ಎರಡು ಅಂತಸ್ತುಗಳಲ್ಲಿ ಭಾರಿ ತೋಪುಗಳನ್ನು ಹೊತ್ತು, ಒಟ್ಟು 64 ಫಿರಂಗಿಗಳೊಂದಿಗೆ ಹಡಗು ಸಿದ್ಧವಾಯಿತು. ಆ ಕಾಲದಲ್ಲಿ ಹಡಗಿಗೆ ಈಗಿನಂತೆ ವಿವರವಾದ ನಕ್ಷೆ ಇರುತ್ತಿರಲಿಲ್ಲ, ಅಳತೆಯ ಲೆಕ್ಕವೆಲ್ಲ ನಿರ್ಮಾಣಗಾರನ ಅನುಭವದಲ್ಲಿ ಇರುತ್ತಿತ್ತು. ಹೈಬರ್ಟ್‌ಸನ್ 1627ರಲ್ಲಿ, ಕೆಲಸ ಮುಗಿಯುವ ಮೊದಲೇ, ತೀರಿಕೊಂಡ.

1628ರ ಬೇಸಿಗೆಯಲ್ಲಿ ಹಡಗಿನ ಸ್ಥಿರತೆಯ ಪರೀಕ್ಷೆ ನಡೆಯಿತು. ಮೂವತ್ತು ಮಂದಿ ನಾವಿಕರು ಹಡಗಿನ ಡೆಕ್ಕಿನ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿದರು. ಮೂರು ಸಲ ಓಡುವಷ್ಟರಲ್ಲಿ ಹಡಗು ಎಷ್ಟು ವಾಲತೊಡಗಿತೆಂದರೆ, ಅಲ್ಲಿದ್ದ ಉಪನೌಕಾಧಿಪತಿ ಕ್ಲಾಸ್ ಫ್ಲೆಮಿಂಗ್ ಪರೀಕ್ಷೆಯನ್ನೇ ನಿಲ್ಲಿಸಿದ. ಪರೀಕ್ಷೆ ಇತ್ತು, ಅದು ತನ್ನ ಉತ್ತರವನ್ನು ಸ್ಪಷ್ಟವಾಗಿಯೇ ಹೇಳಿತು. ಆ ಉತ್ತರದ ಆಧಾರದ ಮೇಲೆ ಹಡಗನ್ನು ತಡೆಯುವ ಕೆಲಸ ಮಾತ್ರ ಯಾರಿಂದಲೂ ಆಗಲಿಲ್ಲ. ದೊರೆಗೆ ಹಡಗು ಬೇಗ ಬೇಕಾಗಿತ್ತು, ಆತ ಊರಿನಲ್ಲಿರಲಿಲ್ಲ. 1628ರ ಆಗಸ್ಟ್ 10ರಂದು ವಾಸಾ ಮೊದಲ ಪಯಣಕ್ಕೆ ಹೊರಟಿತು. ಸುಮಾರು 1,300 ಮೀಟರ್ ಹೋಗುವಷ್ಟರಲ್ಲಿ ಗಾಳಿ ಬೀಸಿ ಹಡಗು ವಾಲಿತು. ಕೆಳಗಿನ ಅಂತಸ್ತಿನ ಫಿರಂಗಿ ಕಿಂಡಿಗಳು ತೆರೆದೇ ಇದ್ದುದರಿಂದ ನೀರು ನುಗ್ಗಿ, ದಡದಲ್ಲಿ ನಿಂತು ನೋಡುತ್ತಿದ್ದವರ ಕಣ್ಣೆದುರೇ ಮುಳುಗಿತು. ಸುಮಾರು ಮೂವತ್ತು ಜನ ಪ್ರಾಣ ಕಳೆದುಕೊಂಡರು. ವಿಚಾರಣೆಯಲ್ಲಿ ನಿರ್ಮಾಣಗಾರರು, ದೊರೆಯೇ ಒಪ್ಪಿದ ಅಳತೆಯಂತೆ ಕಟ್ಟಿದೆವು ಎಂದರು. ಯಾರಿಗೂ ಶಿಕ್ಷೆಯಾಗಲಿಲ್ಲ. 1961ರಲ್ಲಿ ಮೇಲೆತ್ತಿದ ಆ ಹಡಗನ್ನು ಇಂದಿಗೂ ಸ್ಟಾಕ್‌ಹೋಮಿನಲ್ಲಿ ನೋಡಬಹುದು.

ಇಲ್ಲಿ ಗಮನಿಸಬೇಕಾದದ್ದು, ದೊರೆಯ ಒಂದೊಂದು ಬೇಡಿಕೆಯೂ ಬಿಡಿಯಾಗಿ ನೋಡಿದರೆ ಅಸಂಬದ್ಧವಲ್ಲ ಎಂಬುದನ್ನು. ಯುದ್ಧನೌಕೆಗೆ ಹೆಚ್ಚು ಬಲವಾದ ಫಿರಂಗಿ ಬೇಕು, ಬೇಗ ಬೇಕು. ಆದರೆ ಹಡಗು ತೇಲಬೇಕು ಎಂಬ, ಯಾರೂ ಬರೆಯದೆ ಬಿಟ್ಟ ಬೇಡಿಕೆಯೊಂದಿತ್ತು. ಬರೆದ ಬೇಡಿಕೆ ಬೆಳೆದಂತೆಲ್ಲ ಬರೆಯದ ಬೇಡಿಕೆ ಕುಗ್ಗಿತು. ಸುರಕ್ಷತೆ, ವೇಗ, ದುರಸ್ತಿಯ ಸುಲಭ, ಮಾಹಿತಿಯ ಗೋಪ್ಯತೆ ಇಂಥವು ನಮ್ಮ ಯೋಜನೆಗಳಲ್ಲಿಯೂ ಹೀಗೆಯೇ ಬರೆಯದೆ ಉಳಿಯುತ್ತವೆ, ಮತ್ತು ಬದಲಾವಣೆಯ ಭಾರವೆಲ್ಲ ಸದ್ದಿಲ್ಲದೆ ಅವುಗಳ ಮೇಲೆಯೇ ಬೀಳುತ್ತದೆ.

ಹಾಗಾದರೆ ಎಲ್ಲವನ್ನೂ ಮೊದಲೇ ಬರೆದು ಗಂಟು ಹಾಕಿಬಿಟ್ಟರೆ ಸಾಕೇ? ಅದೂ ಸಾಲದು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 2001ರಲ್ಲಿ ತನ್ನ ತನಿಖಾ ಕಡತಗಳ ನಿರ್ವಹಣೆಗಾಗಿ 'ವರ್ಚುಯಲ್ ಕೇಸ್ ಫೈಲ್' ಎಂಬ ತಂತ್ರಾಂಶವನ್ನು ಕೈಗೆತ್ತಿಕೊಂಡಿತು. ಅದೇ ವರ್ಷದ ಸೆಪ್ಟೆಂಬರ್ 11ರ ದಾಳಿಯ ನಂತರ ಸಂಸ್ಥೆಯ ಆದ್ಯತೆಗಳೇ ಬದಲಾದವು. 800 ಪುಟ ಮೀರಿದ ಬೇಡಿಕೆಗಳ ದಸ್ತಾವೇಜು ತಯಾರಾಯಿತು, ಅದರ ಮೇಲೆ ಬದಲಾವಣೆಗಳು ಬರುತ್ತಲೇ ಹೋದವು, ಸುಮಾರು 17 ಕೋಟಿ ಡಾಲರ್ ವೆಚ್ಚವಾದ ಮೇಲೆ 2005ರಲ್ಲಿ ಯೋಜನೆಯನ್ನು ಕೈಬಿಡಬೇಕಾಯಿತು. ಅದರ ನಂತರದ 'ಸೆಂಟಿನೆಲ್' ಯೋಜನೆಯೂ ಮೊದಲು ಕುಂಟಿತು. 2010ರಲ್ಲಿ ಎಫ್‌ಬಿಐ ಕೆಲಸವನ್ನು ತಾನೇ ವಹಿಸಿಕೊಂಡು, ಕಿರು ಅವಧಿಯ ಹಂತಗಳಲ್ಲಿ ಬಳಕೆದಾರರಿಗೆ ತೋರಿಸುತ್ತ ಮುಂದುವರಿಸಿದ ಮೇಲೆ, 2012ರಲ್ಲಿ ಅದು ಬಳಕೆಗೆ ಬಂತು. ಅಜೈಲ್ ಎಂಬ ಹೆಸರಿನಲ್ಲಿ ಇಂದು ಎಲ್ಲೆಡೆ ಪ್ರಚಾರದಲ್ಲಿರುವುದು ಈ ಕ್ರಮ. ಇದರಲ್ಲಿ ಬೇಡಿಕೆ ಬರೆಯುವ ಕೆಲಸ ತಪ್ಪುತ್ತದೆ ಎಂದು ಕೆಲವರು ತಿಳಿದಿರುವುದು ಸರಿಯಲ್ಲ. ಎರಡು ವಾರಕ್ಕೊಮ್ಮೆ ಆದ್ಯತೆ ತೀರ್ಮಾನಿಸಬೇಕಾದವರಿಗೆ ಪ್ರತಿ ಬೇಡಿಕೆಯ ಕಾರಣ ಇನ್ನೂ ಸ್ಪಷ್ಟವಾಗಿ ತಿಳಿದಿರಬೇಕಾಗುತ್ತದೆ.

ಬದಲಾವಣೆಯನ್ನು ನಡೆಸುವ ದಿನನಿತ್ಯದ ಕ್ರಮ ಸರಳವಾದದ್ದು. ದೂರವಾಣಿಯಲ್ಲಿ, ವಾಟ್ಸಾಪಿನಲ್ಲಿ ಅಥವಾ ಚಹಾ ಕುಡಿಯುವಾಗ ಬಂದ ಬೇಡಿಕೆಯನ್ನು ಅದೇ ದಿನ ಬರೆದು, ಕಾರಣವನ್ನು ಕೇಳಿ ತುಂಬಿಸಿ, ಅದರಿಂದ ದಿನಾಂಕ ಎಷ್ಟು ಮುಂದಕ್ಕೆ ಹೋಗುತ್ತದೆ, ಹಣ ಎಷ್ಟು ಹೆಚ್ಚುತ್ತದೆ, ಬೇರೆ ಯಾವ ಬೇಡಿಕೆಗೆ ಧಕ್ಕೆ ಬರುತ್ತದೆ ಎಂದು ಲೆಕ್ಕಹಾಕಿ, ಅಧಿಕಾರವಿರುವವರ ಮುಂದೆ ಇಡಬೇಕು. 'ಇದು ಚಿಕ್ಕ ಬದಲಾವಣೆ, ಮಾಡಿಕೊಡಿ' ಎಂದಾಗ ದಾಕ್ಷಿಣ್ಯಕ್ಕೆ ಬಿದ್ದು ತಲೆಯಾಡಿಸುವುದು ನಮ್ಮಲ್ಲಿ ಬಹಳ. ಬೆಲೆ ಹೇಳಿದರೆ ಗ್ರಾಹಕರು ಮುನಿಸಿಕೊಳ್ಳುತ್ತಾರೆ ಎಂಬ ಅಂಜಿಕೆ ಅದಕ್ಕೆ ಕಾರಣ. ನಾನು ಕಂಡಂತೆ, ಬೆಲೆಯನ್ನು ಮೊದಲೇ ಹೇಳಿದ್ದಕ್ಕೆ ಬರುವ ಮುನಿಸು ಸಭೆಯೊಂದರಲ್ಲಿ ಕರಗುತ್ತದೆ. ಕೊನೆಯ ತಿಂಗಳಲ್ಲಿ ಹೇಳಿದ್ದಕ್ಕೆ ಬರುವ ಮುನಿಸು ಬಾಕಿ ಬಿಲ್ಲಿನ ತನಕ ಹೋಗುತ್ತದೆ.

ಉಪನ್ಯಾಸದ ನಂತರ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುವುದು ಉಚಿತ. ಸರ್ಕಾರದ ಟೆಂಡರುಗಳಲ್ಲಿ ಬೇಡಿಕೆಗಳೆಲ್ಲ ಮೊದಲೇ ಅಚ್ಚಾಗಿರುತ್ತವೆ, ಬೆಲೆಯೂ ನಿಗದಿಯಾಗಿರುತ್ತದೆ, ಅಲ್ಲಿ ಕಾರಣ ಕೇಳುತ್ತಾ ಕೂರಲು ಅವಕಾಶವೆಲ್ಲಿ ಎಂಬುದು ಅವರ ಪ್ರಶ್ನೆ. ಅವಕಾಶ ಕಡಿಮೆ ಎಂಬುದು ನಿಜ, ಆದರೆ ಇಲ್ಲವೆನ್ನುವಂತಿಲ್ಲ. ಬಿಡ್ ಸಲ್ಲಿಸುವ ಮೊದಲು ನಡೆಯುವ ಪ್ರಿ-ಬಿಡ್ ಸಭೆ ಇರುವುದೇ ಪ್ರಶ್ನೆ ಕೇಳುವುದಕ್ಕೆ. ಅಲ್ಲಿ ದರ ಮತ್ತು ಅರ್ಹತೆಯ ಷರತ್ತುಗಳ ಬಗ್ಗೆ ಕೇಳುವಷ್ಟೇ ಶ್ರದ್ಧೆಯಿಂದ, ಅಸ್ಪಷ್ಟವಾಗಿ ಕಾಣುವ ಬೇಡಿಕೆಗಳ ಉದ್ದೇಶವನ್ನೂ ಲಿಖಿತವಾಗಿ ಕೇಳಬಹುದು. ಬಂದ ಉತ್ತರ ಎಲ್ಲ ಬಿಡ್ಡುದಾರರಿಗೂ ತಲುಪುತ್ತದೆ ಮತ್ತು ದಾಖಲೆಯಲ್ಲಿ ಉಳಿಯುತ್ತದೆ. ಕೆಲಸ ಸಿಕ್ಕ ಮೇಲೆ ಬೇಡಿಕೆಗಳ ವಿವರಪಟ್ಟಿಯನ್ನು ಅಂತಿಮಗೊಳಿಸುವ ಹಂತಕ್ಕೆ ಪ್ರತ್ಯೇಕ ಅವಧಿ ಹಾಗೂ ಪಾವತಿ ಇರುವಂತೆ ನೋಡಿಕೊಳ್ಳಬೇಕು, ಹೆಚ್ಚುವರಿ ಕೆಲಸಕ್ಕೆ ದಿನಕ್ಕೆ ಇಷ್ಟು ಎಂಬ ದರಪಟ್ಟಿ ಒಪ್ಪಂದದಲ್ಲೇ ಇದ್ದರೆ ಮುಂದಿನ ಚರ್ಚೆ ಹಗುರಾಗುತ್ತದೆ. ಬದಲಾವಣೆಗೆ ಸಹಿ ಹಾಕಲು ಅಧಿಕಾರಿಗಳು ಹಿಂಜರಿಯುವುದು ಬಹುಮಟ್ಟಿಗೆ ಮುಂದೆ ಬರುವ ಲೆಕ್ಕಪರಿಶೋಧನೆಯ ಆಕ್ಷೇಪಣೆಗೆ ಹೆದರಿ. ಕ್ಷೇತ್ರದಲ್ಲಿ ಕಂಡ ಸಂಗತಿ, ಬಳಕೆದಾರರ ಹೇಳಿಕೆ, ವೆಚ್ಚದ ಲೆಕ್ಕ ಇವನ್ನು ಒಂದು ಪುಟದಲ್ಲಿ ಬರೆದು ಅವರ ಕೈಗೆ ಕೊಟ್ಟರೆ, ಅವರು ಅದನ್ನು ತಮ್ಮ ಟಿಪ್ಪಣಿಯೊಂದಿಗೆ ಕಡತದಲ್ಲಿ ಸೇರಿಸಿ, ಮೇಲಧಿಕಾರಿಗಳ ಅನುಮೋದನೆಗೆ ಕಳುಹಿಸಲು ಸಾಧ್ಯವಾಗುತ್ತದೆ. ಆ ಒಂದು ಪುಟವನ್ನು ಕನ್ನಡದಲ್ಲಿ, ಅವರ ಇಲಾಖೆ ಬಳಸುವ ಪದಗಳಲ್ಲೇ ಬರೆಯಿರಿ.